ಕುದುರೆಯ ಮುಖ ನೋಡಲು ಹೊರಟವರಿಗೆ

ಕುದುರೆಮುಖದ ತುದಿ ಹತ್ತಿದವರಿಗೆ ಕುದುರೆಯ ಮುಖ ಕಾಣುವುದಿಲ್ಲ. ಮೊದಲ ಸಲ ಹೋದಾಗ ಇದು ನನಗೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಕಿವಿ ಎಲ್ಲಿ, ಮೂತಿ ಎಲ್ಲಿ ಎಂದು ಹುಡುಕುತ್ತಲೇ ನಡೆದೆ. ಜೊತೆಗಿದ್ದ ಗೈಡ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಅದರ ಕುತ್ತಿಗೆ ಮೇಲೆ ನಡೀತಿದೀರಿ ಸಾರ್, ಮುಖ ಎಲ್ಲಿಂದ ಕಾಣ್ಬೇಕು?" ಅಂದರು. ಮುಖ ಕಾಣುವುದು ಘಟ್ಟದ ಕೆಳಗಿನಿಂದ, ಬೆಳ್ತಂಗಡಿ ಕಡೆಯಿಂದ. ಹೆಸರಿಟ್ಟವರು ಕೆಳಗಿನವರು, ಹತ್ತುವ ದಾರಿ ಮಾತ್ರ ಹಿಂಬದಿಯಲ್ಲಿ, ಕಳಸದ ಮಗ್ಗುಲಿನ ಸಂಸೆಯಿಂದ.

ಹೆಸರಿನ ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಕುದುರೆಮುಖ ಎಂದರೆ ಸುಮಾರು 1,890 ಮೀಟರ್ ಎತ್ತರದ ಒಂದು ಶಿಖರ. ಕುದುರೆಮುಖ ಎಂದರೆ ಕಬ್ಬಿಣದ ಅದಿರಿನ ಕಂಪನಿ ಕಟ್ಟಿಸಿದ, ಈಗ ಅರ್ಧ ಖಾಲಿಯಾಗಿರುವ ಒಂದು ಊರು. ಕುದುರೆಮುಖ ಎಂದರೆ ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ ಮೂರೂ ಜಿಲ್ಲೆಗಳಿಗೆ ಹರಡಿದ 600 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವೂ ಹೌದು. ಫೋನಿನ ನಕ್ಷೆಯಲ್ಲಿ ಬರೀ 'ಕುದುರೆಮುಖ' ಎಂದು ಹಾಕಿದರೆ ಅದು ನಿಮ್ಮನ್ನು ಕರೆದೊಯ್ಯುವುದು ಊರಿಗೆ. ಶಿಖರದ ದಾರಿ ಶುರುವಾಗುವುದು ಅಲ್ಲಿಂದ ಹಲವು ಕಿಲೋಮೀಟರ್ ದೂರದ ಮುಳ್ಳೋಡಿ ಎಂಬ ಪುಟ್ಟ ಹಳ್ಳಿಯಲ್ಲಿ. ಬೆಳಗ್ಗೆ ಆರಕ್ಕೆ ಗೇಟಿನಲ್ಲಿರಬೇಕಾದವರು ಏಳೂವರೆಗೆ ಕಂಪನಿ ಊರಿನ ಖಾಲಿ ಕ್ವಾರ್ಟರ್ಸುಗಳ ಮುಂದೆ ಕಾರು ನಿಲ್ಲಿಸಿಕೊಂಡು ದಾರಿ ಕೇಳುವುದು ವಾರಕ್ಕೊಮ್ಮೆಯಾದರೂ ನಡೆಯುತ್ತದೆ ಎಂದು ಸಂಸೆಯ ಜೀಪಿನವರು ನಗುತ್ತಾರೆ.

ಬೆಳಗ್ಗೆ ಆರಕ್ಕೆ ಗೇಟು ಎಂದೆ. ಇಡೀ ಚಾರಣದಲ್ಲಿ ಅತಿ ಮುಖ್ಯವಾದ ಮಾತು ಅದೇ. ಕುದುರೆಮುಖ ಕಡಿದಾದ ಬೆಟ್ಟವೇನಲ್ಲ. ಹಗ್ಗ ಬೇಡ, ಬಂಡೆ ಹತ್ತುವ ವಿದ್ಯೆ ಬೇಡ. ದಿನಾ ಒಂದು ಗಂಟೆ ನಡೆಯುವ ಅಭ್ಯಾಸ ಇರುವ ಐವತ್ತರ ಗೃಹಿಣಿ ಆರಾಮಾಗಿ ಹೋಗಿ ಬಂದಿದ್ದನ್ನೂ, ಜಿಮ್ಮಿನಲ್ಲಿ ಕಬ್ಬಿಣ ಎತ್ತುವ ಹುಡುಗ ಅರ್ಧದಾರಿಯಲ್ಲಿ ಕೂತುಬಿಟ್ಟಿದ್ದನ್ನೂ ನೋಡಿದ್ದೇನೆ. ಇಲ್ಲಿ ಸೋಲಿಸುವುದು ದಾರಿಯ ಉದ್ದ ಮತ್ತು ಹೊತ್ತು. ಅರಣ್ಯ ಇಲಾಖೆ ಹಾಕಿರುವ ನಿಯಮಗಳಲ್ಲಿ ಬಹುಪಾಲು ಹೊತ್ತಿಗೆ ಸಂಬಂಧಪಟ್ಟದ್ದೇ: ದಿನದ ಯಾವ ಹೊತ್ತು, ವರ್ಷದ ಯಾವ ಹೊತ್ತು. ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವುಗಳ ಹಿಂದೆ ಬೆಟ್ಟ ಏನು ಮಾಡುತ್ತಿದೆ ಎಂದು ತಿಳಿದರೆ ಪ್ರಯಾಣ ಸುಲಭ.

ಮೊದಲು ಅನುಮತಿ ಚೀಟಿಯ ವಿಚಾರ. ಹಿಂದೆಲ್ಲ ಹೋಮ್‌ಸ್ಟೇಗೆ ಫೋನ್ ಮಾಡಿದರೆ ಆಯಿತು, ಅವರೇ ಬೆಳಗ್ಗೆ ಅರಣ್ಯ ಇಲಾಖೆಯಲ್ಲಿ ದುಡ್ಡು ಕಟ್ಟಿ ರಸೀದಿ ತರುತ್ತಿದ್ದರು. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಪುಷ್ಪಗಿರಿಯ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ನುಗ್ಗಿ, ಕಾಲ್ದಾರಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿ ನಿಂತ ದೃಶ್ಯ ಎಲ್ಲರ ಮೊಬೈಲಿಗೂ ಬಂತಲ್ಲ, ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ 'ಅರಣ್ಯ ವಿಹಾರ' ಎಂಬ ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ. ಈಗ ಕುದುರೆಮುಖಕ್ಕೆ ಹೋಗುವವರು ಅಲ್ಲೇ ತಮ್ಮ ಹೆಸರು, ಗುರುತಿನ ಚೀಟಿಯ ವಿವರ ಕೊಟ್ಟು, ದಿನ ಆರಿಸಿ, ಹಣ ಕಟ್ಟಿ ಬರಬೇಕು. ಗೇಟಿನಲ್ಲಿ ಹೆಸರು, ಗುರುತಿನ ಚೀಟಿ ಎರಡನ್ನೂ ಹೋಲಿಸಿ ನೋಡುತ್ತಾರೆ. ಸ್ನೇಹಿತ ಬರಲಿಲ್ಲವೆಂದು ಅವನ ಚೀಟಿಯಲ್ಲಿ ತಮ್ಮನನ್ನು ಕರೆದುಕೊಂಡು ಹೋದರೆ ಜಗಳವಾಗುತ್ತದೆ.

ಶನಿವಾರ-ಭಾನುವಾರದ ಚೀಟಿ ಬೇಗ ಖಾಲಿಯಾಗುತ್ತದೆ. ಮೂರು ದಿನ ಸಾಲು ರಜೆ ಬಂದರೆ ಕೇಳುವುದೇ ಬೇಡ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಚಾರಣದ ಚೀಟಿ, ಆಮೇಲೆ ಹೋಮ್‌ಸ್ಟೇ, ಕೊನೆಗೆ ಬಸ್ಸು. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಹೋಮ್‌ಸ್ಟೇಗೆ ಮುಂಗಡ ಕಟ್ಟಿ, ಬಸ್ ಟಿಕೆಟ್ ತೆಗೆದು, ಆಮೇಲೆ ನೋಡಿದರೆ ಬೆಟ್ಟವೇ ಭರ್ತಿ. ಸಾಧ್ಯವಿದ್ದರೆ ಮಂಗಳವಾರವೋ ಬುಧವಾರವೋ ಹೋಗಿ. ಅದೇ ಬೆಟ್ಟ, ಅದೇ ದುಡ್ಡು, ಆದರೆ ಸಿಳ್ಳಾರ ಹಕ್ಕಿಯ ಸಿಳ್ಳೆ ಕಿವಿಗೆ ಬೀಳುತ್ತದೆ. ಶನಿವಾರ ಕೇಳುವುದು ಯಾರದ್ದೋ ಬ್ಲೂಟೂತ್ ಸ್ಪೀಕರು, ಗೈಡ್ ಬೈಯುವ ತನಕ.

ಬೆಂಗಳೂರಿನಿಂದ ಕಳಸಕ್ಕೆ ಸುಮಾರು 330 ಕಿಲೋಮೀಟರ್. ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವಕ್ಕೆ ಕಳಸ ಅಥವಾ ಹೊರನಾಡು. ದಾರಿ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಸ್ವಂತ ವಾಹನದಲ್ಲಿ ಬರುವವರು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋದರೆ ಅದು ಅವರ ಕರ್ಮ. ಮಂಗಳೂರು ಕಡೆಯವರಿಗೆ ಕಾರ್ಕಳ, ಬಜಗೋಳಿ, ಮಾಳದ ಮೇಲೆ ಘಟ್ಟ ಹತ್ತುವ ದಾರಿ. ಅದು ಉದ್ಯಾನದ ಒಳಗೇ ಹಾದುಹೋಗುತ್ತದೆ. ಅರಣ್ಯ ತನಿಖಾ ಠಾಣೆಯಲ್ಲಿ ವಾಹನದ ನಂಬರು ಬರೆದುಕೊಂಡು ಹೊತ್ತು ನಮೂದಿಸಿದ ಚೀಟಿ ಕೊಡುತ್ತಾರೆ. ಆ ತುದಿಯ ಠಾಣೆಯಲ್ಲಿ ಅದನ್ನು ತೋರಿಸಬೇಕು. ನಡುವೆ ಕಾಡಿನಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಕೂರದಿರಲಿ, ಮಂಗಗಳಿಗೆ ಚಿಪ್ಸ್ ಹಾಕದಿರಲಿ ಎಂದು ಈ ಏರ್ಪಾಡು. ಇಲ್ಲೂ ಮತ್ತೆ ಗಡಿಯಾರವೇ ನೋಡಿ.

ಸಂಸೆಯ ಹತ್ತಿರ ಟಾರು ರಸ್ತೆ ಬಿಟ್ಟು ಮುಳ್ಳೋಡಿಗೆ ಹೋಗುವ ಐದಾರು ಕಿಲೋಮೀಟರ್ ಜೀಪಿನ ಕೆಲಸ. ನಿಮ್ಮ ಕಾರು ಎಷ್ಟೇ ಎತ್ತರದ್ದಾಗಿರಲಿ, ಕೆಳಗೆ ಬಿಟ್ಟು ಹೋಗಿ. ಆ ದಾರಿಯಲ್ಲಿ ಜೀಪು ಮೂರು ಚಕ್ರದ ಮೇಲೆ ನಿಂತು ನಾಲ್ಕನೆಯದನ್ನು ಯೋಚಿಸುತ್ತಾ ಇಳಿಸುತ್ತದೆ. ಹಿಂದೆ ನಿಂತುಕೊಂಡು ಕಂಬಿ ಹಿಡಿದವರಿಗೆ ಮಾರನೆಯ ದಿನ ಕಾಲಿಗಿಂತ ತೋಳು ಹೆಚ್ಚು ನೋಯುತ್ತದೆ. ಹೋಮ್‌ಸ್ಟೇಗಳು ಸಾಮಾನ್ಯವಾಗಿ ಜೀಪು, ಊಟ, ಬೆಟ್ಟಕ್ಕೆ ಕಟ್ಟಿಕೊಡುವ ಬುತ್ತಿ ಎಲ್ಲ ಸೇರಿಸಿ ತಲೆಗಿಷ್ಟು ಎಂದು ಹೇಳುತ್ತವೆ. ಏನೇನು ಸೇರಿದೆ ಎಂದು ಮೊದಲೇ ಬಿಡಿಸಿ ಕೇಳಿ. ಗೈಡ್ ಕಡ್ಡಾಯ. ಕಳಸ ಬಿಟ್ಟ ಮೇಲೆ ಫೋನ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕ್ಯೂಆರ್ ಕೋಡ್ ತೋರಿಸಿದರೂ ದುಡ್ಡು ಹೋಗುವುದಿಲ್ಲ. ಕಳಸದಲ್ಲೇ ನಗದು ತೆಗೆದಿಟ್ಟುಕೊಳ್ಳಿ, ಬುಕಿಂಗ್ ಚೀಟಿಯನ್ನು ಕಾಗದದಲ್ಲಿ ಮುದ್ರಿಸಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಇಟ್ಟುಕೊಳ್ಳಿ. ಆ ಒಂದು ಪ್ಲಾಸ್ಟಿಕ್ ಬಿಟ್ಟರೆ ಬೇರೆ ಪ್ಲಾಸ್ಟಿಕ್ ಒಯ್ಯದಿರುವುದೇ ಮೇಲು, ಗೇಟಿನಲ್ಲಿ ಚೀಲ ಬಿಚ್ಚಿಸಿ ನೋಡುತ್ತಾರೆ.

ಇನ್ನು ನಡಿಗೆಯ ಲೆಕ್ಕ. ಹೋಗಿಬರುವುದು ಸೇರಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಏರು ಒಟ್ಟು ಸುಮಾರು 900 ಮೀಟರ್. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟದ ಹುಚ್ಚಿನವರು ಒಂದು ಸರಳ ಸೂತ್ರ ಕೊಟ್ಟರು. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ಕುದುರೆಮುಖದ ತುದಿಗೆ ಮೂರೂವರೆ ಗಂಟೆ ಸಾಕು. ಆದರೆ ನೈಸ್ಮಿತ್ ಲೆಕ್ಕ ಹಾಕಿದ್ದು ಅಭ್ಯಾಸ ಇದ್ದವರಿಗೆ, ಒಳ್ಳೆಯ ದಾರಿಗೆ, ಎಲ್ಲೂ ನಿಲ್ಲದೆ ನಡೆಯುವವರಿಗೆ. ಇಂಬಳ ಕೀಳಲು ನಿಲ್ಲುವುದು, ಹಳ್ಳದಲ್ಲಿ ಶೂ ಬಿಚ್ಚಿ ಹಾಕುವುದು, ಫೋಟೋ, "ಇನ್ನೆಷ್ಟು ದೂರ" ಎಂದು ಕೇಳಿ ಕೂರುವುದು, ಇದೆಲ್ಲ ಅದರಲ್ಲಿಲ್ಲ. ನಮ್ಮ ಗುಂಪುಗಳಿಗೆ ಹತ್ತಲು ಐದು ಗಂಟೆ, ಇಳಿಯಲು ನಾಲ್ಕು ಎಂದಿಟ್ಟುಕೊಳ್ಳಿ. ಬೆಳಗ್ಗೆ 6ಕ್ಕೆ ಗೇಟು ತೆರೆಯುತ್ತದೆ, ಸಂಜೆ 6ರೊಳಗೆ ಎಲ್ಲರೂ ಹೊರಗೆ ಬರಬೇಕು. ಹನ್ನೆರಡು ಗಂಟೆಯಲ್ಲಿ ಒಂಬತ್ತು ನಡಿಗೆಗೇ ಹೋಯಿತು. ಉಳಿದ ಮೂರು ಗಂಟೆಯೇ ನಿಮ್ಮ ಊಟ, ವಿಶ್ರಾಂತಿ, ಮತ್ತು ಯಾರದಾದರೂ ಕಾಲು ಉಳುಕಿದರೆ ಬೇಕಾಗುವ ಹೊತ್ತು. ಆರಕ್ಕೆ ಬದಲು ಎಂಟಕ್ಕೆ ಹೊರಟರೆ ಕಳೆಯುವುದು ಆ ಮೂರರಲ್ಲಿ ಎರಡನ್ನು. ತಡವಾಗಿ ಬಂದವರನ್ನು ಗೇಟಿನಿಂದಲೇ ವಾಪಸ್ ಕಳಿಸುವುದು ಸಿಬ್ಬಂದಿಯ ಸೊಕ್ಕಲ್ಲ, ಕಳೆಯುವ ಕೂಡುವ ಲೆಕ್ಕ.

ತಡವಾದರೆ ಏನಾಗುತ್ತದೆ? ಮೋಡ ಬರುತ್ತದೆ. ಶಿಖರದ ಪಶ್ಚಿಮದ ಅಂಚು ಘಟ್ಟದ ಅಂಚೂ ಹೌದು, ಅಲ್ಲಿಂದಾಚೆ ನೆಲ ಸೀದಾ ಕರಾವಳಿಯತ್ತ ಕುಸಿಯುತ್ತದೆ. ಕಡಲು ಸುಮಾರು ಐವತ್ತು ಕಿಲೋಮೀಟರ್ ದೂರ. ಬೆಳಗ್ಗೆ ಗಾಳಿ ತಣ್ಣಗೆ ಮಲಗಿರುತ್ತದೆ, ಬಾನು ಬಿಚ್ಚಿರುತ್ತದೆ. ಬಿಸಿಲೇರಿದಂತೆ ಇಳಿಜಾರಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ, ಆ ಜಾಗ ತುಂಬಲು ಕಡಲ ಕಡೆಯ ತೇವದ ಗಾಳಿ ಬರುತ್ತದೆ. ಗೋಡೆಯಂತಿರುವ ಬೆಟ್ಟಕ್ಕೆ ಡಿಕ್ಕಿ ಹೊಡೆದು ಅದೂ ಮೇಲೇರಬೇಕು. ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತು ಡಿಗ್ರಿ ತಂಪಾಗುತ್ತಾ ಹೋಗುವ ಗಾಳಿ ಒಂದು ಎತ್ತರದಲ್ಲಿ ತನ್ನ ತೇವವನ್ನು ಹೊರಲಾರದೆ ಮೋಡವಾಗಿ ಬಿಡುತ್ತದೆ. ಮಧ್ಯಾಹ್ನ ಒಂದರ ಸುಮಾರಿಗೆ ಬೆಳ್ಳಗಿನ ಗೋಡೆಯೊಂದು ಕಣಿವೆಯಿಂದ ಮೇಲೆ ಬರುವುದು ಕಾಣುತ್ತದೆ. ಹತ್ತು ನಿಮಿಷದಲ್ಲಿ ಪಕ್ಕದವರ ಚೀಲದ ಬಣ್ಣವೂ ತಿಳಿಯದಷ್ಟು ಮಂಜು. ಹುಲ್ಲುಗಾವಲಿನಲ್ಲಿ ಮರವಿಲ್ಲ, ಗುರುತಿಲ್ಲ, ದನಕರು, ಕಾಟಿ ಓಡಾಡಿ ಮಾಡಿದ ದಾರಿಗಳೆಲ್ಲ ನಿಮ್ಮ ದಾರಿಯಂತೆಯೇ ಕಾಣುತ್ತವೆ. ದಾರಿ ತಪ್ಪುವುದು ಹೀಗೆ. ಗೈಡ್ ಕಡ್ಡಾಯ ಮಾಡಿದ್ದೂ ಇದಕ್ಕೇ.

ನನ್ನದೇ ಒಂದು ಸಂಗತಿ ಹೇಳಬೇಕು. ಎರಡನೆಯ ಸಲ ಹೋಗಿದ್ದು ಆಗಸ್ಟಿನಲ್ಲಿ, ಆರು ಜನ. ಒಬ್ಬನ ಶೂ ಅಡಿ ಕಿತ್ತುಬಂದು, ಅದನ್ನು ಬಳ್ಳಿಯಿಂದ ಕಟ್ಟಿಕೊಂಡು ಕುಂಟುತ್ತಾ, ಅಂತೂ ಕೊನೆಯ ದಿಬ್ಬದ ಬುಡಕ್ಕೆ ಬಂದಾಗ ಗೈಡ್ ನಿಂತರು. "ಗಂಟೆ ಎಷ್ಟು ಸಾರ್?" ಒಂದೂವರೆ. ತುದಿ ಇನ್ನೊಂದು ಮುಕ್ಕಾಲು ಗಂಟೆ. ನಾವೆಲ್ಲ ಗೋಗರೆದೆವು. ಅವರು ಮಾತಾಡಲಿಲ್ಲ, ಕೆಳಗೆ ನಾವು ಬೆಳಗ್ಗೆ ದಾಟಿ ಬಂದ ಹಳ್ಳದ ಕಡೆ ಕೈ ತೋರಿಸಿದರು. ಅಲ್ಲಿಂದ ಹಳ್ಳ ಕಾಣುತ್ತಿರಲಿಲ್ಲ, ಆದರೆ ಸದ್ದು ಕೇಳಿಸುತ್ತಿತ್ತು. ಬೆಳಗ್ಗೆ ಕೇಳಿಸಿರಲಿಲ್ಲ. ಇಳಿದು ಬರುವಷ್ಟರಲ್ಲಿ, ಬೆಳಗ್ಗೆ ಮೊಣಕಾಲಿಗಿದ್ದ ನೀರು ತೊಡೆಗೆ ಬಂದಿತ್ತು, ಬಣ್ಣ ಚಹಾದಂತಾಗಿತ್ತು. ಅವರು ಒಂದು ದೊಣ್ಣೆ ಹಿಡಿದು ಮೊದಲು ಇಳಿದು ನಿಂತು, ನಮ್ಮನ್ನು ಒಬ್ಬರ ಭುಜ ಇನ್ನೊಬ್ಬರು ಹಿಡಿಯುವಂತೆ ಮಾಡಿ, ಹೊಳೆಗೆ ಎದುರಾಗಿ ಮುಖ ಮಾಡಿ ಅಡ್ಡಡ್ಡ ಹೆಜ್ಜೆ ಇಡಿಸಿ ದಾಟಿಸಿದರು. ಒಬ್ಬನ ನೀರಿನ ಬಾಟಲಿ ಜಾರಿ ಬಿತ್ತು. ಅದು ಹೋದ ವೇಗ ನೋಡಿ ಯಾರೂ ಮಾತಾಡಲಿಲ್ಲ. ಮುಕ್ಕಾಲು ಗಂಟೆ ಹೋಗಿ, ಅಲ್ಲೊಂದು ಅರ್ಧ ಗಂಟೆ ಕೂತು ಬಂದಿದ್ದರೆ ಆ ರಾತ್ರಿ ಹಳ್ಳದ ಆಚೆ ದಡದಲ್ಲೇ.

ಇಲ್ಲಿ ಮಳೆ ಎಂದರೆ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್. ಬೆಂಗಳೂರಿನಲ್ಲಿ ವರ್ಷವೆಲ್ಲಾ ಸುರಿಯುವ ಮಳೆಯ ಆರೇಳು ಪಟ್ಟು, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ನಾಲ್ಕೇ ತಿಂಗಳಲ್ಲಿ. ಮಳೆಗಾಲದ ಹಸಿರಿನ ಫೋಟೋ ನೋಡಿ ಮರುಳಾಗಿ ಜುಲೈನಲ್ಲಿ ಬರುವವರೇ ಹೆಚ್ಚು. ಹಸಿರು ಇರುವುದು ನಿಜ, ಆದರೆ ಮಂಜಿನ ನಡುವೆ ಅದು ಮೂರು ಮೀಟರ್ ತನಕ ಮಾತ್ರ ಕಾಣುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದವರೆಗೆ ಹೋಗಿ. ಹಳ್ಳಗಳಲ್ಲಿ ನೀರಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ಬೆಳಗಿನ ಹೊತ್ತು ಬಾನು ಬಿಚ್ಚಿರುತ್ತದೆ. ಅಕ್ಟೋಬರಿನಲ್ಲಿ ಮಾತ್ರ ಮಧ್ಯಾಹ್ನದ ಗುಡುಗಿನ ಬಗ್ಗೆ ಎಚ್ಚರ. ಮಿಂಚು ಕಂಡು ಸದ್ದು ಕೇಳುವ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ ಮೂವತ್ತರೊಳಗೆ ಬಂತೆಂದರೆ ಬೋಳು ದಿಣ್ಣೆಯ ಮೇಲೆ ನೀವೇ ಎತ್ತರದ ವಸ್ತು ಎಂಬುದನ್ನು ನೆನೆದು ಕೆಳಗಿಳಿಯಿರಿ. ಒಂಟಿಮರದ ಕೆಳಗೆ ನಿಲ್ಲಬೇಡಿ. ಈ ದಾರಿಯಲ್ಲಿ 'ಒಂಟಿಮರ' ಎಂದೇ ಹೆಸರಾದ ಜಾಗವೊಂದಿದೆ, ಎಲ್ಲರೂ ಕೂತು ಬುತ್ತಿ ಬಿಚ್ಚುವುದೂ ಅಲ್ಲೇ. ಬಿಸಿಲಿನ ದಿನಕ್ಕೆ ಅದು ಸರಿ.

ವರ್ಷದ ಇನ್ನೊಂದು ತುದಿಯಲ್ಲಿ, ಸಾಮಾನ್ಯವಾಗಿ ಫೆಬ್ರವರಿಯಿಂದ ಮುಂಗಾರಿನವರೆಗೆ, ದಾರಿಯನ್ನೇ ಮುಚ್ಚುತ್ತಾರೆ. ಇದಕ್ಕೆ ಕಾರಣ ಹುಲ್ಲು. ಕುದುರೆಮುಖದ ಚಿತ್ರವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ: ಉರುಟಾದ ಹಸಿರು ಗುಡ್ಡಗಳು, ಅವುಗಳ ಮಡಿಕೆಗಳಲ್ಲಿ ಮಾತ್ರ ಕಡುಗಪ್ಪು ಕಾಡು, ಸೀರೆಯ ನೆರಿಗೆಯೊಳಗೆ ಅಂಚು ಸಿಕ್ಕಿಕೊಂಡ ಹಾಗೆ. ಈ ಮಡಿಕೆಯ ಕಾಡಿಗೆ ಶೋಲಾ ಎನ್ನುತ್ತಾರೆ. ಮಡಿಕೆಯಲ್ಲಿ ಮಣ್ಣು ಆಳ, ತೇವ ಹೆಚ್ಚು, ಗಾಳಿ ಕಡಿಮೆ. ಗುಡ್ಡದ ಬೆನ್ನಿನ ಮೇಲೆ ಮಣ್ಣು ತೆಳು, ಗಾಳಿ ಜೋರು. ಹುಲ್ಲುಗಾವಲು ಎಷ್ಟು ಹಳೆಯದು, ಅದರಲ್ಲಿ ಬೆಂಕಿಯ ಮತ್ತು ಮನುಷ್ಯನ ಪಾಲೆಷ್ಟು ಎಂಬ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಎರಡೂ ಸೇರಿ ಮಾಡುವ ಕೆಲಸದ ಬಗ್ಗೆ ಅನುಮಾನವಿಲ್ಲ. ಸುರಿದ ಮಳೆಯನ್ನು ಹುಲ್ಲಿನ ಬೇರು ತಡೆದು ಇಂಗಿಸುತ್ತದೆ, ಶೋಲಾದ ಅಡಿಯ ಎಲೆಗೊಬ್ಬರ ಸ್ಪಂಜಿನಂತೆ ಹಿಡಿದಿಟ್ಟು ಬೇಸಿಗೆಯವರೆಗೆ ತೊಟ್ಟುತೊಟ್ಟಾಗಿ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಈ ಉದ್ಯಾನದೊಳಗೇ ಇದೆ. ಶಿವಮೊಗ್ಗದ ಗದ್ದೆಗೂ ಮಂಗಳೂರಿನ ನಲ್ಲಿಗೂ ನೀರು ಹೊರಡುವುದು ಇಲ್ಲಿಂದ.

ಜನವರಿ ಕಳೆಯುವಷ್ಟರಲ್ಲಿ ಈ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಒಂದು ಬೀಡಿ ತುಂಡು ಸಾಕು. ಗಾಳಿ ಹತ್ತಿಸಿದ ಬೆಂಕಿ ಗುಡ್ಡದ ಏರಿನಲ್ಲಿ ಮನುಷ್ಯ ಓಡುವುದಕ್ಕಿಂತ ವೇಗವಾಗಿ ಹೋಗುತ್ತದೆ. ಹುಲ್ಲೇನೋ ಮುಂದಿನ ಮಳೆಗೆ ಚಿಗುರುತ್ತದೆ. ಶೋಲಾದ ಅಂಚಿನಲ್ಲಿ ತಲೆಯೆತ್ತುತ್ತಿದ್ದ ಸಸಿಗಳು ಹೋದರೆ ಹೋದವೇ, ಕಾಡಿನ ಅಂಚು ಪ್ರತಿವರ್ಷ ಒಂದಿಷ್ಟು ಒಳಕ್ಕೆ ಸರಿಯುತ್ತದೆ. ಬೇಸಿಗೆಯಲ್ಲಿ ಇನ್ನೊಂದು ಅಪಾಯವೂ ಇದೆ. ಡಿಸೆಂಬರಿನಿಂದ ಮೇ ತನಕ ಮಲೆನಾಡಿನ ಕಾಡುಗಳಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರವನ್ನು ಹರಡುವುದು ಉಣುಗು. ಆ ತಿಂಗಳುಗಳಲ್ಲಿ ಹೋಗುವವರು ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು ತೊಟ್ಟು, ಎಲೆಯ ರಾಶಿಯ ಮೇಲೆ ಕೂರದೆ, ವಾಪಸ್ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಬೇಕು. ಆರೋಗ್ಯ ಇಲಾಖೆ ಕಾಡಂಚಿನ ಊರುಗಳಲ್ಲಿ ಹಂಚುವ ಡೇಪಾ ಎಣ್ಣೆ ಸಿಕ್ಕಿದರೆ ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಒಂದೆರಡು ವಾರದೊಳಗೆ ಜೋರು ಜ್ವರ ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದ ವಿಷಯ ಮೊದಲು ಹೇಳಿ.

ಇಂಬಳದ ಹೆದರಿಕೆ ಮಾತ್ರ ಅನಗತ್ಯ. ಜನ ಹುಲಿಗಿಂತ ಇದಕ್ಕೇ ಹೆಚ್ಚು ಅಂಜುತ್ತಾರೆ. ನೆಲದ ಮೇಲಿನ ಎಲೆಯ ತುದಿಯಲ್ಲಿ ಎದ್ದು ನಿಂತು, ಕಾಣದ ಯಾರಿಗೋ ಕೈ ಬೀಸುವಂತೆ ಆಡುವ ಈ ದಾರದಂಥ ಜೀವಿ ಹುಡುಕುವುದು ನಿಮ್ಮ ಹೆಜ್ಜೆಯ ಅದುರನ್ನು, ಮೈಯ ಬಿಸಿಯನ್ನು, ಉಸಿರಿನ ಇಂಗಾಲದ ಡೈಆಕ್ಸೈಡನ್ನು. ಆದ್ದರಿಂದಲೇ ಸಾಲಿನ ಮೊದಲಿನವನಿಗಿಂತ ಮೂರನೆಯವನಿಗೆ ಹೆಚ್ಚು ಹತ್ತುತ್ತದೆ. ಮೊದಲಿನವನು ಎಬ್ಬಿಸಿ ಹೋಗಿರುತ್ತಾನೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಅದರ ಎಂಜಲಿನಲ್ಲಿರುವ ವಸ್ತು ತಡೆಯುವುದರಿಂದ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಸೋರುತ್ತದೆ. ನೋಡಲು ಭಯಂಕರ, ನಷ್ಟ ಕೆಲವೇ ಹನಿ. ಎಳೆದು ಕೀಳಬೇಡಿ. ಉಗುರನ್ನು ಅದರ ಬಾಯಿಯ ಬುಡಕ್ಕೆ ಒತ್ತಿ ಮಗ್ಗುಲಿಗೆ ಜಾರಿಸಿದರೆ ಬಿಡುತ್ತದೆ. ಉಪ್ಪಿನ ಗಂಟು, ಸುಣ್ಣ, ನಶ್ಯ ಹಾಕಿದ ಕೊಬ್ಬರಿ ಎಣ್ಣೆ, ಊರಿಗೊಂದು ಮದ್ದು. ಎಲ್ಲವೂ ನಾಲ್ಕು ಹಳ್ಳ ದಾಟುವವರೆಗೆ, ಆಮೇಲೆ ತೊಳೆದುಹೋಗುತ್ತವೆ. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಇಂಬಳದ ಕಾಲುಚೀಲವೇ ಉತ್ತಮ. ಎಚ್ಚರ ಬೇಕಾದದ್ದು ಹಾವಿಗೆ. ಮಳೆಗಾಲದಲ್ಲಿ ಹಸಿರು, ಕಂದು ಬಣ್ಣದ ಗುಳಿಮಂಡಲಗಳು ಸೊಂಟದೆತ್ತರದ ಕೊಂಬೆಗಳ ಮೇಲೆ ಅಲುಗದೆ ಕೂತಿರುತ್ತವೆ. ನಮ್ಮಲ್ಲಿ ಸಿಗುವ ಹಾವಿನ ವಿಷದ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಗುಳಿಮಂಡಲಕ್ಕಲ್ಲ. ಜಾರುವಾಗ ಕೈಗೆ ಸಿಕ್ಕ ಕೊಂಬೆ ಹಿಡಿಯುವ ಅಭ್ಯಾಸ ಬಿಟ್ಟು ಒಂದು ದೊಣ್ಣೆ ಹಿಡಿದುಕೊಳ್ಳಿ.

ಕಾಟಿ ಎದುರಾದರೆ ಸುಮ್ಮನೆ ನಿಂತು, ಅದಕ್ಕೆ ದಾರಿ ಬಿಟ್ಟು, ಗೈಡ್ ಹೇಳಿದಂತೆ ಮಾಡಿ. ಫೋಟೋಗೆಂದು ಹತ್ತಿರ ಹೋದವರೇ ಪೇಚಿಗೆ ಸಿಕ್ಕುವವರು. ಸಿಂಗಳೀಕ ಕಾಣುವುದು ಅದೃಷ್ಟ. ಸಿಂಹದ ಕೇಸರದಂಥ ಬಿಳಿಗಡ್ಡದ ಈ ಕಪ್ಪು ಕೋತಿ ಶೋಲಾ ಮತ್ತು ನಿತ್ಯಹರಿದ್ವರ್ಣ ಕಾಡಿನ ಮರದ ತುದಿ ಬಿಟ್ಟು ನೆಲಕ್ಕಿಳಿಯುವುದು ಅಪರೂಪ. ಎಂಬತ್ತರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಡೆಸಿದ ಸಿಂಗಳೀಕದ ಸಮೀಕ್ಷೆಯ ಬೆನ್ನಿಗೇ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಅಂದರೆ ಈ ಕಾಡನ್ನು ಉಳಿಸಿದ ಶ್ರೇಯಸ್ಸಿನಲ್ಲಿ ಒಂದು ಕೋತಿಗೂ ಪಾಲಿದೆ.

ಆಗ ಪಕ್ಕದಲ್ಲೇ ಗಣಿ ನಡೆಯುತ್ತಿತ್ತು. 1976ರಲ್ಲಿ ಇರಾನಿಗೆ ಅದಿರು ಮಾರುವ ಒಪ್ಪಂದದ ಮೇಲೆ ಶುರುವಾದ ಕಂಪನಿ ಅದು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆ ಶಾ ಓಡಿಹೋದರು, ಗಿರಾಕಿಯೇ ಇಲ್ಲದಾಯಿತು. ಆದರೂ ಗುಡ್ಡ ಅಗೆಯುವುದು ನಿಲ್ಲಲಿಲ್ಲ. ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು, ಉಳಿದ ಕೆಸರನ್ನು ತಡೆಯಲು ಲಕ್ಯಾ ಅಣೆಕಟ್ಟು ಕಟ್ಟಿದರು. ಪರಿಸರದವರ ದೀರ್ಘ ಹೋರಾಟ, 2002ರ ಸುಪ್ರೀಂ ಕೋರ್ಟ್ ತೀರ್ಪು, ಕೊನೆಗೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಉದ್ಯಾನವೂ ಅದರಲ್ಲಿತ್ತು. ಕಂಪನಿ ಊರಿನ ಮೂಲಕ ಹಾದುಹೋಗುವಾಗ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಗುಡ್ಡ ಈಗಲೂ ಕಾಣುತ್ತದೆ. ಹುಲ್ಲು ಹಬ್ಬಿದೆ, ಮೆಟ್ಟಿಲು ಹೋಗಿಲ್ಲ.

ಬಟ್ಟೆಬರೆಯ ವಿಷಯದಲ್ಲಿ ನನಗಿರುವ ಹಟ ಒಂದೇ, ಜೀನ್ಸ್ ಬೇಡ. ನೆಂದ ಹತ್ತಿ ಬಟ್ಟೆ ಒಣಗುವುದಿಲ್ಲ. ತುದಿಯ ಗಾಳಿಗೆ ಅದು ಮೈಯ ಬಿಸಿಯನ್ನೆಲ್ಲ ಹೀರಿಕೊಂಡು ಹಲ್ಲು ಕಟಕಟಿಸುವಂತೆ ಮಾಡುತ್ತದೆ. ಬೇಗ ಒಣಗುವ ತೆಳು ಪ್ಯಾಂಟು, ಗಾಳಿ ತಡೆಯುವ ಮಳೆಯಂಗಿ, ಚೀಲದೊಳಗೆ ನೀರು ಒಳಬಾರದ ಬಟ್ಟೆಯಲ್ಲಿ ಸುತ್ತಿದ ಒಂದು ಒಣ ಅಂಗಿ ಇಷ್ಟಿದ್ದರೆ ಸಾಕು. ಕೊಡೆ ತುದಿಯಲ್ಲಿ ಒಂದು ನಿಮಿಷವೂ ನಿಲ್ಲುವುದಿಲ್ಲ. ಶೂ ಹೊಸದಾಗಿದ್ದರೆ ಎರಡು ವಾರ ಊರಲ್ಲಿ ಮೆಟ್ಟಿ ತಿರುಗಿ, ಹಳೆಯದಾಗಿದ್ದರೆ ಅಡಿಯನ್ನು ಬಗ್ಗಿಸಿ ನೋಡಿ. ಅಂಟು ಬಿಡುವ ಶೂ ಬಿಡುವುದು ಐದನೇ ಕಿಲೋಮೀಟರಿನಲ್ಲೇ. ತಲೆಗೆ ಎರಡು ಲೀಟರ್ ನೀರು, ಉಪ್ಪು ಹಾಕಿದ ನಿಂಬೆ ಪಾನಕ, ಒಂದು ಟಾರ್ಚು. ಸಂಜೆ ಆರರೊಳಗೆ ಬರುವವರಿಗೆ ಟಾರ್ಚು ಯಾಕೆ ಎಂದರೆ, ಬರದಿದ್ದರೆ ಎಂಬುದಕ್ಕೆ. ತುದಿಯಲ್ಲಿ ಡೇರೆ ಹಾಕಿ ಮಲಗುವುದು, ಬೆಂಕಿ ಹಾಕುವುದು, ಡ್ರೋನ್ ಹಾರಿಸುವುದು, ಮದ್ಯ ಒಯ್ಯುವುದು ಯಾವುದಕ್ಕೂ ಅವಕಾಶವಿಲ್ಲ. ಅನುಮತಿಯಿಲ್ಲದೆ ಒಳಗೆ ಕಾಲಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಕದ್ದಮೆ. "ಹಿಂಬದಿಯಿಂದ ಒಂದು ದಾರಿ ಇದೆ" ಎಂದು ಯಾರಾದರೂ ಹೇಳಿದರೆ ಚಹಾ ಕುಡಿಸಿ ಕಳಿಸಿ.

ಇಪ್ಪತ್ತು ಕಿಲೋಮೀಟರ್ ಹೆಚ್ಚಾಯಿತು ಎನ್ನುವವರಿಗೆ ಇದೇ ಉದ್ಯಾನದಲ್ಲಿ ಕುರಿಂಜಲ್, ಗಂಗಡಿಕಲ್ಲು ಇವೆ. ಎರಡೂ ಕುದುರೆಮುಖ ಊರಿನ ಕಡೆಯಿಂದ, ಅರ್ಧ ದಿನದ ನಡಿಗೆ. ನೇತ್ರಾವತಿ ಶಿಖರವೂ ಸಂಸೆಯ ಕಡೆಯಿಂದಲೇ. ಶೃಂಗೇರಿಗೆ ಬಂದವರು ಕಿಗ್ಗದಿಂದ ನರಸಿಂಹ ಪರ್ವತ ಹತ್ತಬಹುದು. ಎಲ್ಲಕ್ಕೂ ಬೇರೆ ಬೇರೆ ಚೀಟಿ ಬೇಕು, ಒಂದರ ಚೀಟಿ ಇನ್ನೊಂದಕ್ಕೆ ನಡೆಯುವುದಿಲ್ಲ. ನಡೆಯಲಾಗದ ಹಿರಿಯರು ಜೊತೆಗಿದ್ದರೆ ರಸ್ತೆ ಬದಿಯಲ್ಲೇ ಕದಂಬಿ ಜಲಪಾತ ಕಾಣುತ್ತದೆ. ಹನುಮನಗುಂಡಿಗೆ ಮೆಟ್ಟಿಲಿಳಿಯಬೇಕು, ಹತ್ತುವಾಗ ಮೊಣಕಾಲು ನೋಯುತ್ತದೆಂದು ಮೊದಲೇ ಹೇಳಿಬಿಡಿ. ಇಳಿದು ಬಂದ ಸಂಜೆ ಹೊರನಾಡಿನ ಅನ್ನಪೂರ್ಣೇಶ್ವರಿ ದೇವಸ್ಥಾನದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತವರಿಗೆ ಏಳಲು ಪಕ್ಕದವರ ಭುಜ ಬೇಕಾಗುತ್ತದೆ.

ಇನ್ನು ಕುದುರೆಯ ಮುಖ. ಅದನ್ನು ನೋಡಲೇಬೇಕೆಂದಿದ್ದರೆ ಮಾರನೆಯ ದಿನ ಊರಿಗೆ ಹೊರಡುವ ಮುನ್ನ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ ಕಡೆ ಹೋಗಿ. ಜಮಾಲಾಬಾದಿನ ಗಡಾಯಿಕಲ್ಲಿನ ಆಸುಪಾಸಿನಲ್ಲಿ, ತೋಟಗಳ ನಡುವೆ ಬಯಲು ಸಿಕ್ಕ ಕಡೆ ನಿಂತು ಉತ್ತರಕ್ಕೆ ತಲೆಯೆತ್ತಿ. ಸ್ಥಳೀಯರನ್ನು ಯಾರನ್ನಾದರೂ ಕೇಳಿದರೆ ಬೆರಳು ತೋರಿಸಿ ಮೂತಿ ಎಲ್ಲಿ, ಹಣೆ ಎಲ್ಲಿ ಎಂದು ಬಿಡಿಸಿ ಹೇಳುತ್ತಾರೆ. ಬೆಳಗ್ಗೆ ಎಂಟರೊಳಗೆ ಹೋಗಿ. ಹೊತ್ತೇರಿದರೆ ಅದೇ ಮೋಡ, ಅದೇ ಬೆಟ್ಟಕ್ಕೆ, ಕೆಳಗಿನಿಂದಲೂ ಮುಸುಕು ಹಾಕುತ್ತದೆ.